ವಿಶ್ವಕಿರಣಗಳ ವಿಜ್ಞಾನಿ ಡಾ. ಹೋಮಿ ಭಾಭಾ: ರಜೆಗೆ ಬಂದವರು ಇಲ್ಲೇ ಉಳಿದದ್ದು



ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರು ನಿಮಗೆ ಹೊಸದಲ್ಲ. ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಯಾರು ಎಂದು ರಸಪ್ರಶ್ನೆಯಲ್ಲಿ ಕೇಳಿದರೆ ನಮ್ಮ ಏಳನೆಯ ತರಗತಿಯ ಮಕ್ಕಳೂ ತಟ್ಟನೆ ಉತ್ತರ ಹೇಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಣುಶಕ್ತಿಯ ಕೆಲಸಕ್ಕೆ ಕೈಹಾಕುವ ಮೊದಲೇ ಅವರು ಜಗತ್ತಿನ ದೊಡ್ಡ ವಿಜ್ಞಾನಿಗಳ ಸಾಲಿನಲ್ಲಿ ನಿಂತಿದ್ದರು. ಅದಕ್ಕೆ ಕಾರಣವಾದ ವಿಷಯ ವಿಶ್ವಕಿರಣ, ಅಂದರೆ ಕಾಸ್ಮಿಕ್ ಕಿರಣ. ಆ ಸಂಶೋಧನೆಯ ಮಹತ್ವದ ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಮುಂದೆ ಅದರ ದೊಡ್ಡ ಫಲ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವವನು, ಆದ್ದರಿಂದ ಇಲ್ಲಿ ಗಣಿತದ ಸೂತ್ರಗಳನ್ನು ನಿರೀಕ್ಷಿಸಬೇಡಿ. ಒಬ್ಬ ಮನುಷ್ಯನ ಬದುಕನ್ನು ಹೇಳುತ್ತೇನೆ.

ಮೊದಲು ವಿಶ್ವಕಿರಣ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ನಿಮ್ಮ ಅಂಗೈಯನ್ನು ಚಾಚಿ ಹಿಡಿಯಿರಿ. ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ನೀವು ಒಂದೊಂದು ಅಂಕಿ ಎಣಿಸುವಾಗಲೂ ಹೆಚ್ಚುಕಡಿಮೆ ಒಂದೊಂದು ಸೂಕ್ಷ್ಮ ಕಣ ನಿಮ್ಮ ಅಂಗೈಯನ್ನು ತೂರಿಕೊಂಡು ನೆಲಕ್ಕೆ ಇಳಿದು ಹೋಗುತ್ತಿರುತ್ತದೆ. ನೋವಿಲ್ಲ, ಬೆಳಕಿಲ್ಲ, ಸದ್ದಿಲ್ಲ. ಮನೆಯ ಹಂಚು, ಶಾಲೆಯ ಸ್ಲ್ಯಾಬು ಯಾವುದೂ ಅದನ್ನು ತಡೆಯುವುದಿಲ್ಲ. ಈ ಕಣಗಳ ಮೂಲ ಭೂಮಿಯಲ್ಲಿಲ್ಲ, ಆಕಾಶದಾಚೆ ಇದೆ. 1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಕುಳಿತು ಐದು ಸಾವಿರ ಮೀಟರಿಗೂ ಎತ್ತರ ಏರಿದರು. ಮೇಲೆ ಹೋದಷ್ಟೂ ಈ ಕಿರಣಗಳ ಪ್ರಮಾಣ ಹೆಚ್ಚಾಗುವುದನ್ನು ಕಂಡರು. ಇವು ನೆಲದಿಂದ ಏಳುವುದಲ್ಲ, ಮೇಲಿನಿಂದ ಬೀಳುವುದು ಎಂದು ಅಂದು ಖಚಿತವಾಯಿತು. ಹೆಸ್ ಅವರಿಗೆ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ಭಾಭಾ ಅವರ ಮನೆತನದ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಪಾರ್ಸಿ ಕುಟುಂಬದಲ್ಲಿ. ಆದರೆ ಆ ಮನೆತನಕ್ಕೂ ನಮ್ಮ ನಾಡಿಗೂ ಹಳೆಯ ನಂಟಿದೆ. ಅವರ ಅಜ್ಜ, ಇನ್ನೊಬ್ಬ ಹೋರ್ಮುಸ್‌ಜಿ ಭಾಭಾ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಶಾಲೆಗಳ ಮೇಲ್ವಿಚಾರಣೆಯೇ ಅವರ ಕೆಲಸ. ಶಿಕ್ಷಕನಾದ ನನಗೆ ಈ ಸಂಗತಿ ತಿಳಿದಾಗ ಬಹಳ ಸಂತೋಷವಾಯಿತು. ತಂದೆ ಜಹಾಂಗೀರ್ ಭಾಭಾ ವಕೀಲರು. ಸೋದರತ್ತೆ ಮೆಹರ್‌ಬಾಯಿ ಅವರು ಜಮ್ಷೆಡ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಮನೆಯಲ್ಲಿ ದೊಡ್ಡ ಪುಸ್ತಕ ಸಂಗ್ರಹ, ಸಂಗೀತದ ರೆಕಾರ್ಡುಗಳು, ಚಿತ್ರಗಳ ಪುಸ್ತಕಗಳು ಇದ್ದವು. ಯಾವ ಕೊರತೆಯೂ ಇಲ್ಲದ ಬಾಲ್ಯ ಅದು. ಬಡತನದಲ್ಲಿ ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದವರ ಕಥೆಯನ್ನೇ ನಾವು ಮಕ್ಕಳಿಗೆ ಹೆಚ್ಚಾಗಿ ಹೇಳುತ್ತೇವೆ. ಭಾಭಾ ಅವರದು ಅಂಥ ಕಥೆಯಲ್ಲ. ಆದರೆ ಅನುಕೂಲ ಇದ್ದವರಿಗೂ ತಮ್ಮದೇ ಆದ ಕಟ್ಟುಪಾಡು ಇರುತ್ತದೆ.

ಆ ಕಟ್ಟುಪಾಡು ಏನೆಂದರೆ, ಹುಡುಗ ಎಂಜಿನಿಯರ್ ಆಗಬೇಕು. 1927ರಲ್ಲಿ ಅವರನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳಿಸಿದ್ದೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದು ಜಮ್ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯನ್ನು ಸೇರಿಕೊಳ್ಳಲಿ ಎಂದು. ಕೆಲಸ ಸಿದ್ಧವಾಗಿತ್ತು, ಕಾರ್ಖಾನೆ ಮನೆಯವರದೇ ಎನ್ನುವಷ್ಟು ಹತ್ತಿರದ್ದಾಗಿತ್ತು. ಆದರೆ ಕೇಂಬ್ರಿಜ್‌ನಲ್ಲಿ ಆಗ ಭೌತಶಾಸ್ತ್ರದ ಮಹಾ ಪರ್ವಕಾಲ. ಪಾಲ್ ಡಿರಾಕ್ ಅಂಥವರು ಅಲ್ಲಿದ್ದರು. ಹುಡುಗನ ಮನಸ್ಸು ಅತ್ತ ಹರಿಯಿತು. 1928ರಲ್ಲಿ ಅವರು ತಂದೆಗೆ ಪತ್ರ ಬರೆದು, ತಮಗೆ ವ್ಯಾಪಾರವಾಗಲಿ ಎಂಜಿನಿಯರ್ ಹುದ್ದೆಯಾಗಲಿ ಒಗ್ಗುವುದಿಲ್ಲ, ಭೌತಶಾಸ್ತ್ರವೇ ತಮ್ಮ ದಾರಿ ಎಂದು ಬಿಚ್ಚಿ ಹೇಳಿದರು.

ಪ್ರಿಯ ವಿದ್ಯಾರ್ಥಿಗಳೇ, ತಂದೆ ಏನು ಮಾಡಿದರು ಎಂಬುದನ್ನು ಗಮನಿಸಿ. ಬೈಯಲಿಲ್ಲ, ಹಣ ನಿಲ್ಲಿಸಲಿಲ್ಲ. ಹಾಗೆಂದು ಕೂಡಲೇ ಒಪ್ಪಿಕೊಳ್ಳಲೂ ಇಲ್ಲ. ಒಂದು ಷರತ್ತು ಹಾಕಿದರು. ಹಿಡಿದ ಎಂಜಿನಿಯರಿಂಗನ್ನು ಪೂರ್ತಿ ಮಾಡು, ಅದರಲ್ಲಿ ಪ್ರಥಮ ದರ್ಜೆ ತಂದು ತೋರಿಸು, ಆಮೇಲೆ ನಿನಗೆ ಬೇಕಾದ ಗಣಿತ ಓದಲು ನಾನೇ ಖರ್ಚು ಕೊಡುತ್ತೇನೆ ಎಂಬುದು ಆ ಷರತ್ತಿನ ಸಾರ. ಮಗ 1930ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದರು. ಎರಡೇ ವರ್ಷದಲ್ಲಿ, 1932ರಲ್ಲಿ, ಗಣಿತದಲ್ಲೂ ಪ್ರಥಮ ದರ್ಜೆ ಪಡೆದರು. ತಂದೆಯ ಮಾತೂ ಉಳಿಯಿತು, ಮಗನ ಆಸೆಯೂ ಈಡೇರಿತು. ಮುಂದೆ ಯಂತ್ರ, ಕಟ್ಟಡ, ಕಾರ್ಖಾನೆ ಎಂದಾಗ ಅವರು ಎಂದೂ ತಡವರಿಸದಿರಲು ಆ ಬೇಡವಾದ ಎಂಜಿನಿಯರಿಂಗೇ ಕಾರಣ ಎಂದು ನನಗೆ ಅನಿಸುತ್ತದೆ. ನಮ್ಮ ಖಾನಾಪುರ, ಕಣಕುಂಬಿ ಕಡೆಯ ಎಷ್ಟೋ ಮನೆಗಳಲ್ಲಿ ಹತ್ತನೆಯ ತರಗತಿ ಮುಗಿದ ಕೂಡಲೇ ಇದೇ ಜಗ್ಗಾಟ ನಡೆಯುತ್ತದೆ. ಅಬ್ಬಾಜಾನ್ ಒಂದು ಹೇಳುತ್ತಾರೆ, ಮಕ್ಕಳು ಒಂದು ಹೇಳುತ್ತಾರೆ. ಆಗ ಈ ಷರತ್ತಿನ ದಾರಿಯೂ ಒಂದಿದೆ ಎಂಬುದು ಎರಡೂ ಕಡೆಯವರ ನೆನಪಿನಲ್ಲಿರಲಿ.

ಸಂಶೋಧನೆಗೆ ಇಳಿದ ಭಾಭಾ ವಿದ್ಯಾರ್ಥಿವೇತನದ ಬಲದಿಂದ ಜ್ಯೂರಿಕ್‌ನಲ್ಲಿ ಪೌಲಿ, ರೋಮ್‌ನಲ್ಲಿ ಫರ್ಮಿ, ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಬಳಿ ಕೆಲಸ ಮಾಡಿದರು. 1933ರಲ್ಲಿ ಬಂದ ಮೊದಲ ಲೇಖನವೇ ವಿಶ್ವಕಿರಣದ ಬಗ್ಗೆ. 1935ರಲ್ಲಿ ಪಿಎಚ್‌.ಡಿ. ದೊರೆಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಕಣಗಳು ಎದುರಾದಾಗ ಹೇಗೆ ಚದುರುತ್ತವೆ ಎಂದು ಅವರು ಮಾಡಿದ ಲೆಕ್ಕಕ್ಕೆ ಇಂದಿಗೂ ಭಾಭಾ ಚದುರಿಕೆ ಎಂದೇ ಹೆಸರು.

ಆದರೆ ಅವರಿಗೆ ಹೆಚ್ಚು ಕೀರ್ತಿ ತಂದದ್ದು 1937ರಲ್ಲಿ ವಾಲ್ಟರ್ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಸೇರಿ ಮಾಡಿದ ಕೆಲಸ. ಅದು ನಮ್ಮ ಊರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆಷಾಢದ ಮಳೆಯಲ್ಲಿ ಕಣಕುಂಬಿಯ ಬಂಡೆಯ ಮೇಲೆ ದಪ್ಪ ಹನಿ ಬಿದ್ದರೆ ಅದು ನೂರು ಸಣ್ಣ ಹನಿಗಳಾಗಿ ಸಿಡಿಯುತ್ತದಲ್ಲವೇ? ಹಾಗೆಯೇ ಭಾರಿ ಶಕ್ತಿಯ ಒಂದು ಕಣ ಗಾಳಿಯೊಳಗೆ ನುಗ್ಗಿದಾಗ ಅದು ಬೆಳಕಿನ ಕಣವನ್ನು ಹುಟ್ಟಿಸುತ್ತದೆ. ಆ ಬೆಳಕು ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವು ಮತ್ತೆ ಬೆಳಕನ್ನು ಹುಟ್ಟಿಸುತ್ತವೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಶಕ್ತಿ ಹಂಚಿಹೋಗುವವರೆಗೆ ಕಣಗಳ ಸುರಿಮಳೆಯೇ ಆಗುತ್ತದೆ. ಉಪಕರಣಗಳಲ್ಲಿ ಒಮ್ಮೆಗೇ ಕಾಣಿಸುತ್ತಿದ್ದ ಇಂಥ ಸುರಿಮಳೆಗೆ ಕಾರಣವೇನೆಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. ಭಾಭಾ ಮತ್ತು ಹೈಟ್ಲರ್ ಅದರ ಲೆಕ್ಕವನ್ನು ಬಿಡಿಸಿಟ್ಟರು.

ಇನ್ನೊಂದು ಒಗಟು ಉಳಿದಿತ್ತು. ಕೆಲವು ಕಣಗಳು ಸೀಸದ ದಪ್ಪ ಹಲಗೆಯನ್ನೂ ತೂರಿಕೊಂಡು ಹೋಗುತ್ತಿದ್ದವು. ಇವು ಎಲೆಕ್ಟ್ರಾನ್‌ಗಿಂತ ಭಾರವಾದ ಬೇರೆಯೇ ಕಣಗಳು ಎಂದು ತಿಳಿಯಿತು. ಇಂದು ಇವನ್ನು ಮ್ಯೂಆನ್ ಎನ್ನುತ್ತೇವೆ. ನಿಮ್ಮ ಅಂಗೈಯನ್ನು ತೂರಿ ಹೋದದ್ದೂ ಬಹುತೇಕ ಇವೇ. ಇವುಗಳ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು ಮಾತ್ರ. ಬೆಳಕಿನ ವೇಗದಲ್ಲಿ ಓಡಿದರೂ ಏಳುನೂರು ಮೀಟರ್ ದಾಟುವಷ್ಟರಲ್ಲಿ ಮುಗಿಯಬೇಕು. ಆದರೆ ಹತ್ತು ಹದಿನೈದು ಕಿಲೋಮೀಟರ್ ಮೇಲೆ ಹುಟ್ಟಿ ನೆಲದವರೆಗೆ ಬರುತ್ತವೆ. ಅದು ಹೇಗೆ? ವೇಗವಾಗಿ ಚಲಿಸುವ ವಸ್ತುವಿಗೆ ಕಾಲ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರಷ್ಟೆ. ಈ ಕಣಗಳು ಕ್ಷಯಿಸುವಂಥವಾದರೆ ಐನ್‌ಸ್ಟೈನ್ ಮಾತನ್ನು ಪರೀಕ್ಷಿಸಲು ಇವೇ ಸಾಕು ಎಂದು 1938ರಲ್ಲಿ ತೋರಿಸಿಕೊಟ್ಟವರು ಭಾಭಾ. ಮುಂದೆ ಪ್ರಯೋಗಗಳು ಅದನ್ನು ನಿಜ ಮಾಡಿದವು. ಇಂಥ ಕಣಗಳಿಗೆ ಮೆಸಾನ್ ಎಂಬ ಹೆಸರು ಸರಿ ಎಂದು 1939ರಲ್ಲಿ ಸೂಚಿಸಿದವರೂ ಅವರೇ.

ಅದೇ 1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಮೂವತ್ತು ತುಂಬದ ವಯಸ್ಸು. ಮರಳಿ ಕೇಂಬ್ರಿಜ್‌ಗೆ ಹೋಗುವುದೇ ಇತ್ತು. ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು, ದಾರಿ ಮುಚ್ಚಿತು. ಈಗ ಏನು ಮಾಡಬೇಕು? ಸುಮ್ಮನೆ ಕೂತು ಯುದ್ಧ ಮುಗಿಯುವುದನ್ನು ಕಾಯಬಹುದಿತ್ತು. ಅವರು ಬೆಂಗಳೂರಿಗೆ ಬಂದರು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ 1940ರಲ್ಲಿ ರೀಡರ್ ಆದರು.

ಇಲ್ಲಿ ನಮ್ಮಂಥ ಸಂಘದ ಸದಸ್ಯರು ಗಮನಿಸಬೇಕಾದ ಸಂಗತಿಯೊಂದಿದೆ. ಭಾಭಾ ಅವರ ವಿಶ್ವಕಿರಣ ಸಂಶೋಧನಾ ವಿಭಾಗಕ್ಕೆ ಹಣ ಕೊಟ್ಟು ನಿಲ್ಲಿಸಿದ್ದು ಒಂದು ಧರ್ಮಾರ್ಥ ಟ್ರಸ್ಟ್, ಸರ್ ದೊರಾಬ್‌ಜಿ ಟಾಟಾ ಟ್ರಸ್ಟ್. ವಿಶ್ವಕಿರಣದಿಂದ ಹೊಲ ಬೆಳೆಯುವುದಿಲ್ಲ, ಕಾರ್ಖಾನೆ ನಡೆಯುವುದಿಲ್ಲ. ಯುದ್ಧದ ಬೆಲೆಯೇರಿಕೆಯ ದಿನಗಳಲ್ಲಿ ಅಂಥ ವಿಷಯಕ್ಕೆ ಹಣ ಕೊಡಲು ಟ್ರಸ್ಟಿಗಳಿಗೆ ಧೈರ್ಯ ಬೇಕಿತ್ತು. ಭಾಭಾ ಟಾಟಾ ಮನೆತನದ ನೆಂಟರು ಎಂಬುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನೆಂಟಸ್ತಿಕೆಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಲು ಬರುವುದಿಲ್ಲ. ಆ ಗೌರವ ಅವರಿಗೆ 1941ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ದೊರೆಯಿತು. ಮರುವರ್ಷ ಪ್ರೊಫೆಸರ್ ಪದವಿ, ಕೇಂಬ್ರಿಜ್‌ನ ಆಡಮ್ಸ್ ಪ್ರಶಸ್ತಿ.

ಬೆಂಗಳೂರಿನಲ್ಲೇ ಯಾಕೆ ವಿಶ್ವಕಿರಣ ಎಂದು ಯಾರಾದರೂ ಕೇಳಬಹುದು. ಭೂಮಿ ದೊಡ್ಡ ಅಯಸ್ಕಾಂತ. ಆಕಾಶದಿಂದ ಬರುವ ವಿದ್ಯುತ್ ಕಣಗಳನ್ನು ಅದು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಭೂಮಿಯ ಕಾಂತೀಯ ಸಮಭಾಜಕದ ಸಮೀಪ ಈ ತಡೆ ಅತಿ ಹೆಚ್ಚು, ಬಹಳ ಶಕ್ತಿಯ ಕಣಗಳು ಮಾತ್ರ ಒಳಗೆ ಬರಲು ಸಾಧ್ಯ. ಬೆಂಗಳೂರು ಆ ರೇಖೆಗೆ ತೀರ ಹತ್ತಿರ. ಅಂದರೆ ಪ್ರಕೃತಿಯೇ ಸಣ್ಣ ಕಾಳನ್ನು ಜರಡಿ ಹಿಡಿದು ದಪ್ಪ ಕಾಳನ್ನು ಮಾತ್ರ ನಮ್ಮ ಅಂಗಳಕ್ಕೆ ಬೀಳಿಸುತ್ತದೆ. ಯುರೋಪಿನವರಿಗೆ ಇಲ್ಲದ ಅನುಕೂಲ ಇದು. ಇದೇ ಕಾರಣಕ್ಕೆ ಅಮೆರಿಕದ ಮಿಲಿಕನ್ ಕೂಡ ತಮ್ಮ ಬಲೂನುಗಳನ್ನು ಹಾರಿಸಲು ಆ ದಿನಗಳಲ್ಲಿ ಬೆಂಗಳೂರಿಗೆ ಬಂದಿದ್ದರು.

ಭಾಭಾ ಲೆಕ್ಕದ ಮನುಷ್ಯ. ಆದರೂ ಬೆಂಗಳೂರಿನಲ್ಲಿ ಪ್ರಯೋಗಕ್ಕೂ ಇಳಿದರು. ಕಣಗಳನ್ನು ಎಣಿಸುವ ಗೈಗರ್ ಕೌಂಟರ್‌ಗಳನ್ನು ಇಲ್ಲೇ ತಯಾರಿಸಿದರು. ಯುದ್ಧಕಾಲದಲ್ಲಿ ನಗರದ ವಿಮಾನ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಮಾಡುತ್ತಿತ್ತು. ಭಾಭಾ ಆ ಅಧಿಕಾರಿಗಳನ್ನು ಒಪ್ಪಿಸಿ ತಮ್ಮ ಉಪಕರಣವನ್ನು ವಿಮಾನದಲ್ಲಿ ಇರಿಸಿ ಮೂವತ್ತು ಸಾವಿರ ಅಡಿಯವರೆಗೂ ಕಳಿಸಿದರು. ಆ ಎತ್ತರದಲ್ಲಿ ಮೆಸಾನ್‌ಗಳು ಎಷ್ಟಿವೆ ಎಂದು ಎಣಿಸಿ 1945ರಲ್ಲಿ ಪ್ರಕಟಿಸಿದರು. ಬಾಂಬು ಹೊರುವ ಕಾಲದಲ್ಲಿ ವಿಮಾನವನ್ನು ಇಂಥ ಕೆಲಸಕ್ಕೆ ಕೇಳಿ ಪಡೆಯುವುದು ಎಲ್ಲರಿಂದ ಆಗುವ ಮಾತಲ್ಲ. ಅಲಹಾಬಾದಿನಿಂದ ಬಂದ ಹರೀಶ್‌ಚಂದ್ರ ಎಂಬ ತರುಣ ಬೆಂಗಳೂರಿನಲ್ಲಿ ಅವರ ಜೊತೆ ಕೆಲಸ ಕಲಿತು ಮುಂದೆ ಜಗತ್ತಿನ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬರಾದರು. ಅಹಮದಾಬಾದಿನ ವಿಕ್ರಮ್ ಸಾರಾಭಾಯಿ ಕೂಡ ಯುದ್ಧದ ಕಾರಣ ಮರಳಿ ಬಂದು ಅದೇ ಆವರಣದಲ್ಲಿ ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನೇ ಅಭ್ಯಾಸ ಮಾಡುತ್ತಿದ್ದರು. ನಮ್ಮ ಅಣುಶಕ್ತಿ ಮತ್ತು ಬಾಹ್ಯಾಕಾಶ ಎರಡೂ ಕಾರ್ಯಕ್ರಮಗಳನ್ನು ಕಟ್ಟಿದವರು ಒಂದೇ ಆವರಣದಲ್ಲಿ, ಒಂದೇ ವಿಷಯವನ್ನು ಓದುತ್ತಿದ್ದರು ಎಂಬುದು ನನಗೆ ಸೋಜಿಗವೆನಿಸುತ್ತದೆ.

ಯುದ್ಧ ಮುಗಿಯುವ ಹೊತ್ತಿಗೆ ಭಾಭಾ ಅವರ ಮನಸ್ಸು ಬದಲಾಗಿತ್ತು. ಹೊರದೇಶದಲ್ಲಿ ಒಳ್ಳೆಯ ಹುದ್ದೆ ಸಿಕ್ಕರೆ ಹೋಗಬೇಕೆಂದುಕೊಂಡಿದ್ದವರು, ಮೆಚ್ಚುಗೆ ಮತ್ತು ಹಣದ ನೆರವು ಇಲ್ಲೇ ಸಿಗುವುದಾದರೆ ತಮ್ಮ ದೇಶದಲ್ಲೇ ಇದ್ದು ಸಂಸ್ಥೆ ಕಟ್ಟುವುದು ಕರ್ತವ್ಯ ಎಂಬ ನಿರ್ಧಾರಕ್ಕೆ ಬಂದರು. 1944ರ ಮಾರ್ಚ್ 12ರಂದು ಬೆಂಗಳೂರಿನಿಂದ ದೊರಾಬ್‌ಜಿ ಟಾಟಾ ಟ್ರಸ್ಟಿನ ಅಧ್ಯಕ್ಷ ಸರ್ ಸೊರಾಬ್ ಸಕ್ಲತ್‌ವಾಲಾ ಅವರಿಗೆ ಪತ್ರ ಬರೆದು, ಮೂಲ ವಿಜ್ಞಾನದ ಒಂದು ಸಂಸ್ಥೆ ಬೇಕೆಂದು ಕೇಳಿದರು. ಮುಂದೆ ಅಣುಶಕ್ತಿಯ ಕಾಲ ಬಂದಾಗ ಪರಿಣತರಿಗಾಗಿ ಪರದೇಶದ ಬಾಗಿಲು ಕಾಯಬಾರದು ಎಂಬ ದೂರದೃಷ್ಟಿ ಆ ಪತ್ರದಲ್ಲಿತ್ತು. ಹಿರೋಶಿಮಾದ ಬಾಂಬಿಗೆ ಇನ್ನೂ ಒಂದೂವರೆ ವರ್ಷ ಇದ್ದಾಗ ಬರೆದ ಪತ್ರ ಇದು ಎಂಬುದನ್ನು ಮರೆಯಬೇಡಿ. ಟ್ರಸ್ಟ್ ಒಪ್ಪಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಬೆಂಗಳೂರಿನ ಆವರಣದಲ್ಲೇ ಕಣ್ಣು ತೆರೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಅದರ ಉದ್ಘಾಟನೆ ನಡೆಯಿತು. ಕಟ್ಟಡ ಯಾವುದು ಗೊತ್ತೇ? ಪೆಡ್ಡರ್ ರಸ್ತೆಯಲ್ಲಿದ್ದ, ಅವರ ನೆಂಟರೊಬ್ಬರ ಬಂಗಲೆಯ ಒಂದು ಭಾಗ.

ನಂತರದ ಕಥೆ ನಿಮಗೆ ಗೊತ್ತಿರುವುದೇ. 1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷತೆ, 1955ರಲ್ಲಿ ಜಿನೀವಾದ ವಿಶ್ವಸಂಸ್ಥೆಯ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷತೆ, 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್. ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ನೆಯ ಇಸವಿಯಿಂದ ಬರುತ್ತಿರುವ ವಿದ್ಯುತ್ತಿನ ಬೇರು ಅಲ್ಲಿದೆ. ಟೀಕೆಗಳೂ ಬಂದವು. ಹಣ ಮತ್ತು ಪ್ರತಿಭೆಯನ್ನೆಲ್ಲ ಹೊಸ ಸಂಸ್ಥೆಗಳಿಗೆ ಸೆಳೆದರೆ ವಿಶ್ವವಿದ್ಯಾಲಯಗಳು ಬಡವಾಗುತ್ತವೆ ಎಂದು ಮೇಘನಾದ ಸಹಾ ಅವರಂಥ ದೊಡ್ಡ ವಿಜ್ಞಾನಿ ಆಕ್ಷೇಪಿಸಿದ್ದರು. ನಮ್ಮ ಜಿಲ್ಲಾ ಕಾಲೇಜುಗಳ ಪ್ರಯೋಗಾಲಯಗಳನ್ನು ಕಂಡವರು ಸಹಾ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೂ ವಿಶ್ವಕಿರಣದ ಅಭ್ಯಾಸ ಮುಂಬಯಿಗೆ ಮಾತ್ರ ಸೀಮಿತವಾಗಿರಲಿಲ್ಲ. ಟಾಟಾ ಸಂಸ್ಥೆಯಲ್ಲಿದ್ದ ಪ್ಯಾರಾ ಸಿಂಗ್ ಗಿಲ್ 1949ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಇದೇ ಸಂಶೋಧನೆಯನ್ನು ಬೆಳೆಸಿದರು, ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ವೀಕ್ಷಣಾಲಯ ಕಟ್ಟಿದರು.

ಭಾಭಾ ಮದುವೆಯಾಗಲಿಲ್ಲ. ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತ ಅವರಿಗೆ ಪ್ರಾಣ. ಮುಂಬಯಿಯ ಕೊಲಾಬಾದಲ್ಲಿ ಸಂಸ್ಥೆಯ ಹೊಸ ಕಟ್ಟಡ ಎದ್ದಾಗ ಒಳಗೆ ಎಂ. ಎಫ್. ಹುಸೇನ್ ಅವರಿಂದ ದೊಡ್ಡ ಭಿತ್ತಿಚಿತ್ರ ಬರೆಸಿದರು. ರಸ್ತೆಗೆ ಅಡ್ಡ ಬಂದ ಮರವನ್ನು ಕಡಿಯಲು ಬಿಡದೆ, ಬೇರುಸಹಿತ ಕಿತ್ತು ಬೇರೆಡೆ ನೆಡಿಸುತ್ತಿದ್ದರು.

ಇನ್ನು ಕೋಲಾರದ ಮಾತು. ಮ್ಯೂಆನ್‌ಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ತಿಳಿಯಬೇಕಾದರೆ ಆಳದ ಗುಂಡಿ ಬೇಕು. ಕೋಲಾರದ ಚಿನ್ನದ ಗಣಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. 1951ರಲ್ಲಿ ಭಾಭಾ ಈ ಕೆಲಸಕ್ಕೆ ಹಚ್ಚಿದ್ದು ನಂಜನಗೂಡಿನಲ್ಲಿ ಹುಟ್ಟಿದ ತರುಣ ಬಿ. ವಿ. ಶ್ರೀಕಂಠನ್ ಅವರನ್ನು. ಗಣಿ ಕಾರ್ಮಿಕರು ಇಳಿಯುವ ತೊಟ್ಟಿಲಿನಲ್ಲೇ ಉಪಕರಣ ಹೊತ್ತು ಇಳಿದು, ಸೆಕೆಯಲ್ಲಿ ಕುಳಿತು ಒಂದೊಂದು ಆಳದಲ್ಲೂ ಕಣ ಎಣಿಸಿದರು. ಮುಂದೆ ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಜೊತೆಯಾದರು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ಬರಲಿಲ್ಲ. ಬರಿಗೈ ಎಂದು ನಾವಾಗಿದ್ದರೆ ಮರಳಿಬಿಡುತ್ತಿದ್ದೆವು. ಅವರು ಯೋಚಿಸಿದ್ದೇ ಬೇರೆ. ಅಷ್ಟು ನಿಶ್ಶಬ್ದವಾದ ಜಾಗವಿದ್ದರೆ, ಇಡೀ ಭೂಮಿಯನ್ನೇ ತೂರಿ ಹೋಗಬಲ್ಲ ನ್ಯೂಟ್ರಿನೊ ಎಂಬ ಕಣದ ಸುಳಿವು ಅಲ್ಲಿಯೇ ಸಿಗಬೇಕು!

ಹಾಗೆಯೇ ಆಯಿತು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರ ಜೊತೆಗೂಡಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣ ಹೂಡಿದರು. 1965ರಲ್ಲಿ, ವಿಶ್ವಕಿರಣಗಳಿಂದ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಇದೇ ಗುರುತು ಸಿಕ್ಕಿತ್ತು. ಕೋಲಾರದವರ ಲೇಖನ ಆಗಸ್ಟ್ 15ರ ಸಂಚಿಕೆಯಲ್ಲಿ, ಆ ತಂಡದ್ದಕ್ಕಿಂತ ಎರಡು ವಾರ ಮೊದಲು ಅಚ್ಚಾಯಿತು.

ಅದನ್ನು ಭಾಭಾ ಕಣ್ಣಾರೆ ಕಂಡರು. ಆದರೆ ಹೆಚ್ಚು ದಿನ ಉಳಿಯಲಿಲ್ಲ. 1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಅವರ ಏರ್ ಇಂಡಿಯಾ ವಿಮಾನ, ಜಿನೀವಾದಲ್ಲಿ ಇಳಿಯಬೇಕಾದ ಹೊತ್ತಿಗೆ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಅಪ್ಪಳಿಸಿತು. 117 ಜನರಲ್ಲಿ ಯಾರೂ ಬದುಕಲಿಲ್ಲ. ಭಾಭಾ ಅವರಿಗೆ 56 ವರ್ಷ. ಈ ಸಾವಿನ ಬಗ್ಗೆ ಪಿತೂರಿಯ ಕಥೆಗಳು ಈಗಲೂ ಮೊಬೈಲಿನಲ್ಲಿ ಹರಿದಾಡುತ್ತವೆ. ಫ್ರಾನ್ಸಿನ ತನಿಖೆ ಹೇಳಿದ್ದು, ವಿಮಾನ ಶಿಖರವನ್ನು ದಾಟಿಯಾಯಿತು ಎಂದು ಪೈಲಟ್ ತಪ್ಪು ತಿಳಿದರು ಎಂದು. ನಮ್ಮ ವಿದ್ಯಾರ್ಥಿಗಳು ಫಾರ್ವರ್ಡ್ ಮಾಡುವ ಮೊದಲು ಇದನ್ನು ನೆನಪಿಡಲಿ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಭಾಭಾ ಅಣು ಸಂಶೋಧನಾ ಕೇಂದ್ರ ಎಂದು ಹೆಸರಿಟ್ಟರು.

ಟಾಟಾ ಸಂಸ್ಥೆಯ ನಿರ್ದೇಶಕರಾಗಿ ಭಾಭಾ ಅವರ ನಂತರ ಮೆನನ್ ಬಂದರು. 1975ರಿಂದ 1987ರವರೆಗೆ ನಂಜನಗೂಡಿನ ಶ್ರೀಕಂಠನ್ ನಿರ್ದೇಶಕರಾಗಿದ್ದರು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆದರೆ ಟಾಟಾ ಸಂಸ್ಥೆಯವರು ಊಟಿಯ ಬೆಟ್ಟದಲ್ಲಿ ಕಟ್ಟಿದ ವಿಶ್ವಕಿರಣ ಪ್ರಯೋಗಾಲಯದಲ್ಲಿ ಮ್ಯೂಆನ್‌ಗಳ ಎಣಿಕೆ ಮುಂದುವರಿದಿದೆ. 2014ರ ಡಿಸೆಂಬರ್ 1ರಂದು ಅದರ ಮೇಲೆ ದೊಡ್ಡ ಗುಡುಗಿನ ಮೋಡವೊಂದು ಹಾದುಹೋಯಿತು. ಆಗ ಮ್ಯೂಆನ್‌ಗಳ ಸಂಖ್ಯೆ ಸ್ವಲ್ಪ ಇಳಿಯಿತು. ಎಷ್ಟು ಇಳಿಯಿತು ಎಂಬ ಲೆಕ್ಕದಿಂದಲೇ ಆ ಮೋಡದೊಳಗೆ 130 ಕೋಟಿ ವೋಲ್ಟ್ ವಿದ್ಯುತ್ ಒತ್ತಡವಿತ್ತು ಎಂದು 2019ರಲ್ಲಿ ಪ್ರಕಟಿಸಿದರು.